ಗುಟುಕು

ರಾವಿರಿ ಗುಂಡಿ ಒತ್ತಿದ್ದು ಒಮ್ಮೆ.
ಅಷ್ಟೇ. ನೂರೈವತ್ತು ಕುದುರೆ
ಒಂದೇ ಬಾಗಿಲಲ್ಲಿ ನುಗ್ಗಿದವು.
ಹಿಂದಿನ ಟೈರು ಹೊಗೆಯಾಯಿತು, ಆಕ್ಸಲ್ಲು
ಕಬ್ಬಿನ ಜಲ್ಲೆಯಂತೆ ಲಟಕ್ಕೆಂದಿತು;
ಚಿಕ್ಕಪ್ಪ ಬಿಟ್ಟುಹೋದ ಎಪ್ಪತ್ಮೂರರ ಹೋಲ್ಡನ್
ಟೆರೆಟೋಂಗಾ ಟ್ರ್ಯಾಕಿನ ನಟ್ಟನಡುವೆ
ಹಟ ಹಿಡಿದ ಕೋಣದ ಹಾಗೆ ಕೂತುಬಿಟ್ಟಿತು.

ಎರಡನೆಯ ಸಲ ಪಿಸ್ಟನ್ನು.
ಬೆಳಕಿಗೆ ಹಿಡಿದು ತೋರಿಸಿದ: ನೆತ್ತಿಯಲ್ಲಿ ತೂತು,
ಅಂಚು ಬೆಲ್ಲದ ಪಾಕದಂತೆ ಕರಗಿ ಇಳಿದಿತ್ತು.
‘ಹುಳುಕು ಹಲ್ಲು’ ಅಂದೆ.
ಅವನು ನಗಲಿಲ್ಲ.

ನನ್ನ ಕೆಲಸ ಇನ್ವರ್‌ಕಾರ್ಗಿಲ್ಲಿನ ಹಲ್ಲಿನ ಆಸ್ಪತ್ರೆಯಲ್ಲಿ.
ಅದೇ ಗಾಳಿ ಹಗಲೆಲ್ಲ ನನ್ನ ಕೈಯಲ್ಲೂ ಇರುತ್ತದೆ,
ನೀಲಿ ಸಿಲಿಂಡರಿನಲ್ಲಿ,
ಹೆದರಿದ ಮಕ್ಕಳಿಗೆ, ಬ್ಲಫ್ ಬಂದರಿನ
ಸಿಂಪಿ ದೋಣಿಯ ಆಳೆತ್ತರದ ಗಂಡಸರಿಗೆ
(ಹೆಚ್ಚು ಹೆದರುವವರು ಅವರೇ).
ಮೊದಲು ಬರಿಯ ಆಮ್ಲಜನಕ.
ಆಮೇಲೆ ನೂರಕ್ಕೆ ಹತ್ತು. ತಾಳು.
ಕುರ್ಚಿಯ ತೋಳು ಹಿಡಿದ ಬೆರಳು ನೋಡು.
ಹದಿನೈದು. ಕಾಲಿನ ಹೆಬ್ಬೆರಳು ನೋಡು.
ಇಪ್ಪತ್ತು.
ಬಿಗಿದ ಮುಷ್ಟಿ ತಾನಾಗಿ ಬಿಚ್ಚುವ ತನಕ
ತಿರುಪು ತಿರುವುವ ಕೈಗೆ ಅವಸರವಿಲ್ಲ.
ಯಾರಿಗೂ ಒಮ್ಮೆಲೇ ಸುರಿಯುವುದಿಲ್ಲ, ರಾವಿರಿ,
ಕೂಸಿಗೆ ಒಳಲೆಯಲ್ಲಿ ಹಾಲು ಹಾಕಿದ ಹಾಗೆ
ಗುಟುಕು ಇಳಿದ ಸದ್ದು ಕೇಳಿದ ಮೇಲೆ
ಮುಂದಿನ ಗುಟುಕು.

‘ಕಾರಿಗೆಲ್ಲಿದೆ ಗಂಟಲು?’ ಅಂದ.
ತಿಂಗಳು ಕಳೆದು, ನನಗೆ ಹೇಳದೆ,
ಬೆಂಕಿಪೊಟ್ಟಣದ ಅಣ್ಣನಷ್ಟು ದೊಡ್ಡ ಡಬ್ಬಿಯೊಂದನ್ನು ತಂದ.
ಅದಕ್ಕೆ ಹೇಳಬೇಕಾದದ್ದು ಮೂರೇ ಮಾತು:
ಎಲ್ಲಿಂದ, ಎಷ್ಟು ಹೊತ್ತು, ಎಲ್ಲಿಗೆ.
ಮೂವತ್ತು. ಎರಡೂವರೆ ಸೆಕೆಂಡು. ನೂರು.

ಶೆಡ್ಡಿನಲ್ಲಿ ಸೀಸೆ ಜೋಡಿಸದೆ, ಒಣಗಾಲುವೆಯಲ್ಲಿ
ಓಡಿಸಿ ನೋಡಿದೆವು. ಕವಾಟಕ್ಕೆ ಕಿವಿ ಇಟ್ಟೆ:
ತೆರೆ ಮುಚ್ಚು ತೆರೆ ಮುಚ್ಚು, ಸೆಕೆಂಡಿಗೆ ಇಪ್ಪತ್ತು ಸಲ,
ಚಳಿಗೆ ಹಲ್ಲು ಕಟಕಟಿಸಿದಂತೆ.
ಮುಚ್ಚಿದ್ದು ಹೆಚ್ಚು, ತೆರೆದದ್ದು ಕಡಿಮೆ;
ಬರಬರುತ್ತ ತೆರೆದದ್ದೇ ಹೆಚ್ಚು;
ಕೊನೆಗೆ ಕಟಕಟ ನಿಂತು
ಬಾಯಿ ಪೂರಾ ತೆರೆಯಿತು.

ಪಕ್ಕದಲ್ಲೇ ಪೆಟ್ರೋಲಿನ ಕವಾಟ.
ಎರಡೂ ಜೊತೆಗೆ ಹೆಜ್ಜೆ ಹಾಕಬೇಕು.
ಪೆಟ್ರೋಲು ಒಂದು ಹೆಜ್ಜೆ ಹಿಂದುಳಿದರೆ
ಬೆಂಕಿಗೆ ಉಣ್ಣಲು ಉಳಿಯುವುದು ಅಲ್ಯೂಮಿನಿಯಮ್ಮೇ.
ಕಿಡಿಗೂ ಹೇಳಿದ: ಆರು ಡಿಗ್ರಿ ತಡವಾಗಿ ಬಾ.

ಮೇ ತಿಂಗಳು. ಜಲಸಂಧಿಯ ಗಾಳಿ
ಅಂಟಾರ್ಕ್ಟಿಕಾದಿಂದ ನೇರ ಬಂದು ಕಾಲರಿಗೆ ಇಳಿಯಿತು.
ತಣ್ಣಗಾದ ಸೀಸೆ ಮುನಿಸಿಕೊಂಡಿತ್ತು,
ಆರುನೂರರ ಮೇಲೆ ಮುಳ್ಳು ಏಳಲೊಲ್ಲದು.
ಕರೆಂಟಿನ ಕಂಬಳಿ ಸುತ್ತಿದೆವು.
ಒಂಬೈನೂರೈವತ್ತಕ್ಕೆ ಬರುವ ಹೊತ್ತಿಗೆ
ನಮ್ಮ ಚಹಾ ಆರಿತ್ತು.

ಹಸಿರು ದೀಪ.
ಹೊಗೆಯಿಲ್ಲ. ಕೀರಲಿಲ್ಲ.
ಮೂತಿ ತುಸುವೇ ಎತ್ತಿತು,
ಏನೋ ನೆನಪಾಗಿ ತಲೆಯೆತ್ತಿದವರಂತೆ,
ಆಮೇಲೆ ದನಿ ಆಳಕ್ಕೆ, ಇನ್ನೂ ಆಳಕ್ಕೆ ಹೋಗಿ
ಕಾರು ಇದ್ದಲ್ಲಿ ಕಾರು ಇರಲಿಲ್ಲ.

ಹೆಲ್ಮೆಟ್ ತೆಗೆದವನ ಮುಖ ಸಪ್ಪಗಿತ್ತು.
‘ಏನೂ ಅನ್ನಿಸಲೇ ಇಲ್ಲ, ಮೇರೆ.
ಒದೆಯೇ ಇಲ್ಲ.’
ಚೀಟಿ ಕೊಟ್ಟೆ. ಏಳು ಪಾಯಿಂಟ್ ಆರು ಒಂದು.
ಇಷ್ಟು ವರ್ಷ ಎಂಟರ ಕೆಳಗೆ ಇಳಿಯದಿದ್ದವನು
ಓದಿದ. ಮಡಿಸಿದ. ಬಿಚ್ಚಿ ಮತ್ತೆ ಓದಿದ.

ದೋಣಿಯವರೂ ಹಾಗೇ ಅನ್ನುತ್ತಾರೆ,
ಏನೂ ಅನ್ನಿಸಲಿಲ್ಲವಲ್ಲ, ಯಾವಾಗ ಕೀಳುತ್ತೀರಿ,
ದವಡೆ ಹಲ್ಲು ಆಗಲೇ ಉಕ್ಕಿನ ತಟ್ಟೆಯಲ್ಲಿರುತ್ತದೆ.

ಸಂಜೆ, ಚಿಕ್ಕಪ್ಪ ಸಿಂಪಿ ತೂಗುತ್ತಿದ್ದ ತಕ್ಕಡಿಯಲ್ಲಿ
ಸೀಸೆ ತೂಗಿದೆ. ನಾನೂರು ಗ್ರಾಮು ಕಡಿಮೆ.
ಏಳು ಚಿಲ್ಲರೆ ಸೆಕೆಂಡಿನ ಬೆಲೆ.
ನೋಟ್‌ಬುಕ್ಕಿಗೆ ಬರೆದು ತಲೆ ಎತ್ತಿದರೆ
ರಾವಿರಿ ಡಬ್ಬಿಯ ಮುಂದೆ ಕುಕ್ಕರುಗಾಲಲ್ಲಿ,
ನನಗೆ ಬೆನ್ನು ಹಾಕಿ,
ಮೂವತ್ತನ್ನು ಮೂವತ್ತೈದು ಮಾಡುತ್ತಿದ್ದ.

ಬೇಡ ಅನ್ನಲಿಲ್ಲ.
ಅವನ ಬೆರಳು ನೋಡುತ್ತಿದ್ದೆ.